ಈಲಿಯ ಕೊಬ್ಬಿಗೆ ಯಾರು ಹೊಣೆ?

ಬೊಜ್ಜು ಸಾಹುಕಾರನ ರೋಗ, ಈಲಿ ಕೆಡುವುದು ಕುಡುಕನ ರೋಗ ಎಂಬ ಎರಡು ಮಾತುಗಳು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿವೆ. ಎರಡೂ ಇಂದು ಸುಳ್ಳಾಗಿವೆ. ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣದ ಕಡೆಯ ಹಳ್ಳಿಗಳಿಂದ ಹೊಟ್ಟೆನೋವೆಂದೋ ಸುಸ್ತೆಂದೋ ಹೋಗಿ ಸ್ಕ್ಯಾನಿಂಗ್ ಮಾಡಿಸಿಕೊಂಡವರ ಚೀಟಿಯಲ್ಲಿ ‘ಫ್ಯಾಟಿ ಲಿವರ್’ ಎಂಬ ಮಾತು ಕಾಣಿಸುವುದು ಈಗ ಅಪರೂಪವಲ್ಲ. ಆ ಚೀಟಿ ಹಿಡಿದು ಮನೆಗೆ ಬರುವವರಲ್ಲಿ ಹೆಂಡದ ವಾಸನೆಯನ್ನೂ ಕಾಣದ ಹೆಣ್ಣುಮಕ್ಕಳಿದ್ದಾರೆ, ಒಂದೆರಡು ಎಕರೆಯ ರೈತರಿದ್ದಾರೆ, ಟೆಂಪೋ ಓಡಿಸುವವರಿದ್ದಾರೆ.

ಇವರಿಗೆ ಊರು ಏನನ್ನುತ್ತದೆ? ಗಂಡಸಾದರೆ ಗುಟ್ಟಾಗಿ ಕುಡಿಯುತ್ತಾನೆ ಎನ್ನುತ್ತದೆ. ಹೆಂಗಸಾದರೆ ಕೂತು ತಿಂದು ಮೈ ಬೆಳೆಸಿದಳು ಎನ್ನುತ್ತದೆ. ಪೇಟೆಯಲ್ಲಿ ಓದಿದವರು ಇದೇ ಮಾತನ್ನು ನಾಜೂಕಾಗಿ, ‘ಬಾಯಿ ಕಟ್ಟಬೇಕು, ದಿನಾ ನಡೆಯಬೇಕು, ಮನಸ್ಸು ಗಟ್ಟಿ ಮಾಡಬೇಕು’ ಎನ್ನುತ್ತಾರೆ. ಹೀಗೆ ರೋಗವೂ ಬಡವನದೇ, ತಪ್ಪೂ ಬಡವನದೇ ಆಗುತ್ತದೆ. ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕನಿಕರ ಮಾತ್ರ ಕಾರಣವಲ್ಲ. ಕಳೆದ ಇಪ್ಪತ್ತು ವರ್ಷಗಳ ವಿಜ್ಞಾನವೇ ಈ ತೀರ್ಪಿಗೆ ವಿರುದ್ಧ ಸಾಕ್ಷಿ ನುಡಿಯುತ್ತಿದೆ.

ಮೊದಲು ರೋಗವನ್ನು ತಿಳಿಯೋಣ. ಪುಸ್ತಕದವರು ಯಕೃತ್ತು ಎನ್ನುವ, ಆಸ್ಪತ್ರೆಯವರು ಲಿವರ್ ಎನ್ನುವ, ನಮ್ಮ ಜನ ಈಲಿ ಎನ್ನುವ ಅಂಗವು ಬಲಗಡೆ ಪಕ್ಕೆಲುಬಿನ ಕೆಳಗಿದೆ. ಅದರ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ತುಂಬಿದರೆ ಅದು ಕೊಬ್ಬಿನ ಈಲಿ. ಬಹಳ ಜನರಲ್ಲಿ ಅದು ಅಷ್ಟಕ್ಕೇ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಈಲಿ ಊದಿಕೊಳ್ಳುತ್ತದೆ, ಊತ ಗಾಯವಾಗುತ್ತದೆ, ಗಾಯ ಕಲೆಗಟ್ಟುತ್ತದೆ, ಕೊನೆಗೆ ಇಡೀ ಅಂಗ ಗಂಟುಗಂಟಾಗಿ ಒರಟಾಗುತ್ತದೆ. ಇದಕ್ಕೆ ಸಿರೋಸಿಸ್ ಎಂದು ಹೆಸರು. ಅದರ ಮುಂದೆ ಕ್ಯಾನ್ಸರೂ ಕಾದಿರಬಹುದು. ವರ್ಷಗಟ್ಟಲೆ ನೋವಿಲ್ಲ, ಕಾಮಾಲೆಯಿಲ್ಲ, ಯಾವ ಸೂಚನೆಯೂ ಇಲ್ಲದೆ ಇದು ನಡೆದುಹೋಗುತ್ತದೆ. ಆದರೆ ಮೊದಲ ಹಂತಗಳಲ್ಲಿ ಹಿಡಿದರೆ ಹಿಂದಕ್ಕೆ ತಿರುಗಿಸಬಹುದು. ದೇಹದ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೆ ಕೊಬ್ಬು ಕರಗುತ್ತದೆ, ಏಳರಿಂದ ಹತ್ತರಷ್ಟು ಇಳಿದರೆ ಊತವೂ ಇಳಿಯುತ್ತದೆ.

ಇನ್ನು ಕರುಳಿನ ಮಾತು. ನಮ್ಮ ದೊಡ್ಡಕರುಳಿನಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳು ವಾಸವಾಗಿವೆ. ಅವು ಶತ್ರುಗಳಲ್ಲ. ನಾವು ಅರಗಿಸಲಾರದ ನಾರನ್ನು ಅವು ಹುದುಗಿಸಿ ಕೆಲವು ಹುಳಿಗಳನ್ನು ತಯಾರಿಸುತ್ತವೆ, ಆ ಹುಳಿಗಳಿಂದಲೇ ಕರುಳಿನ ಒಳಪದರ ಬದುಕುತ್ತದೆ. ಕರುಳಿನಲ್ಲಿ ಹೀರಿಕೊಂಡದ್ದರಲ್ಲಿ ಹೆಚ್ಚಿನದು ನೇರವಾಗಿ ಈಲಿಗೆ ಹೋಗುತ್ತದೆ. ಈಲಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಹೊಟ್ಟೆ ಕರುಳುಗಳ ಕಡೆಯಿಂದ ಬರುವುದು. ಆದುದರಿಂದ ಈಲಿಯು ಸಂತೆಯ ಬಾಗಿಲಲ್ಲಿ ಕುಳಿತ ಸುಂಕದವನಿದ್ದಂತೆ. ಒಳಗೆ ಬರುವ ಮೂಟೆಯಲ್ಲಿ ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ ಮೊದಲು ಬೀಳುವುದು ಅವನ ಕೈಗೇ.

ಕರುಳಿಗೆ ನಾರು ಸಾಲದೆ ಹೋದಾಗ ಏನಾಗುತ್ತದೆ? ನಾರು ತಿಂದು ಬದುಕುವ ಬ್ಯಾಕ್ಟೀರಿಯಾಗಳು ಸೊರಗುತ್ತವೆ, ಒಳಪದರ ಸಡಿಲವಾಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದ ಚೂರುಗಳು ಆ ಸಂದಿಯಲ್ಲಿ ನುಸುಳಿ ರಕ್ತ ಸೇರಿ ಈಲಿಯನ್ನು ಕೆರಳಿಸುತ್ತವೆ. ಮೊದಲೇ ಕೊಬ್ಬು ತುಂಬಿದ ಈಲಿಗೆ ಈ ಕಿಡಿ ಬಿದ್ದರೆ ಊತ ಹೊತ್ತಿಕೊಳ್ಳುತ್ತದೆ. ಬೊಜ್ಜು ಇರುವವರೆಲ್ಲರಿಗೂ ಈಲಿ ಒಂದೇ ರೀತಿ ಕೆಡದಿರುವುದಕ್ಕೆ ಕರುಳಿನ ಈ ಸಂಸಾರದ ಹೆಚ್ಚು ಕಡಮೆಯೂ ಒಂದು ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಇದು ಊಹಾಪೋಹವಲ್ಲ. 2004ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಹುಟ್ಟಿನಿಂದ ಬ್ಯಾಕ್ಟೀರಿಯಾ ಸೋಂಕದಂತೆ ಬೆಳೆಸಿದ ಇಲಿಗಳಿಗೆ ಸಾಧಾರಣ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಸೇರಿಸಿದರು. ಹದಿನಾಲ್ಕು ದಿನಗಳಲ್ಲಿ ಅವುಗಳ ಮೈಯ ಕೊಬ್ಬು ನೂರಕ್ಕೆ ಸುಮಾರು 60ರಷ್ಟು ಏರಿತು. ಅವು ತಿಂದದ್ದೋ ಮೊದಲಿಗಿಂತ ಕಡಮೆ! ಹೊಟ್ಟೆಬಾಕನಿಗೆ ಮಾತ್ರ ಮೈ ಬರುತ್ತದೆ ಎಂದು ಬುದ್ಧಿ ಹೇಳುವವರು ಈ ಇಲಿಗಳಿಗೆ ಏನು ಹೇಳುತ್ತಾರೋ ನಾವು ಕೇಳಬೇಕಾಗಿದೆ.

ಕುಡಿಯದವನ ಈಲಿ ಕುಡುಕನ ಈಲಿಯಂತೆ ಕಾಣುವ ಒಗಟಿಗೂ ಒಂದು ಉತ್ತರ ಸಿಕ್ಕಿದೆ. ಮಂಡ್ಯ ಜಿಲ್ಲೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಹುದುಗಿಸಿದರೆ ಸಾರಾಯಿ ಆಗುತ್ತದೆಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಅಂತಹ ಒಂದು ಸಣ್ಣ ಭಟ್ಟಿ ಮನುಷ್ಯನ ಹೊಟ್ಟೆಯೊಳಗೂ ನಡೆಯುತ್ತದೆ. ಚೀನಾದಲ್ಲಿ ಒಬ್ಬ ರೋಗಿ ಹನಿ ಮದ್ಯ ಮುಟ್ಟದೆ, ಹಿಟ್ಟು ಸಕ್ಕರೆಯ ಪದಾರ್ಥ ತಿಂದರೆ ಸಾಕು, ಅಮಲೇರಿ ತೂರಾಡುತ್ತಿದ್ದ. ಅವನ ಕರುಳಿನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಒಂದು ಬಗೆ ಸಕ್ಕರೆಯಿಂದ ಮದ್ಯಸಾರ ತಯಾರಿಸುತ್ತಿದ್ದುದು ಪತ್ತೆಯಾಯಿತು. 2019ರಲ್ಲಿ ಪ್ರಕಟವಾದ ಆ ಸಂಶೋಧನೆಯಲ್ಲಿ, ಪರೀಕ್ಷಿಸಿದ ಕೊಬ್ಬಿನ ಈಲಿಯ ರೋಗಿಗಳ ಪೈಕಿ ನೂರಕ್ಕೆ ಸುಮಾರು 60 ಮಂದಿಯಲ್ಲಿ ಇಂತಹ ಬ್ಯಾಕ್ಟೀರಿಯಾ ಸಿಕ್ಕಿತು. ಅದನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ಈಲಿಯಲ್ಲೂ ಕೊಬ್ಬು ಕಟ್ಟಿತು. ಎಲ್ಲ ರೋಗಿಗಳಿಗೂ ಇದೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ಪರೀಕ್ಷೆಗೆ ಒಳಗಾದವರು ಕೆಲವೇ ಜನ. ಆದರೆ ‘ಗುಟ್ಟಾಗಿ ಕುಡಿಯುತ್ತಾನೆ’ ಎನ್ನುವ ನಾಲಗೆಗಳು ಇನ್ನು ಮುಂದೆ ಸ್ವಲ್ಪ ತಡೆದು ಮಾತಾಡಲಿ.

ತೆಳ್ಳಗಿರುವವರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ನೆಮ್ಮದಿಯಾಗಿರಬಾರದು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಸಮೀಕ್ಷೆಯೊಂದಿದೆ. ದುಡಿದು ತಿನ್ನುವ ಆ ಬಡ ಹಳ್ಳಿಗರಲ್ಲಿಯೂ ನೂರಕ್ಕೆ 8.7 ಮಂದಿಗೆ ಈಲಿಯಲ್ಲಿ ಕೊಬ್ಬಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತೂಕವೂ ಹೆಚ್ಚಿರಲಿಲ್ಲ, ಹೊಟ್ಟೆಯೂ ಬಂದಿರಲಿಲ್ಲ. ನಮ್ಮ ದೇಶದವರ ಮೈ ತೆಳ್ಳಗೆ ಕಂಡರೂ ಕೊಬ್ಬು ಒಳಗೆ, ಹೊಟ್ಟೆಯ ಸುತ್ತ, ಈಲಿಯ ಸುತ್ತ ಸೇರಿಕೊಳ್ಳುತ್ತದೆ. ಆದುದರಿಂದಲೇ ನಮ್ಮ ವೈದ್ಯರು ಗಂಡಸಿಗೆ 90 ಸೆಂಟಿಮೀಟರ್, ಹೆಂಗಸಿಗೆ 80 ಸೆಂಟಿಮೀಟರ್ ಸೊಂಟದ ಸುತ್ತಳತೆಯನ್ನು ಎಚ್ಚರಿಕೆಯ ಗೆರೆಯೆಂದು ಇಟ್ಟಿದ್ದಾರೆ. ಅಷ್ಟರ ಮೇಲೆ ಬೊಜ್ಜೂ ಬೆಳೆಯುತ್ತಿದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಹತ್ತಕ್ಕೆ ಮೂವರು ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅಪ್ಪನಿಗೆ ಬೊಜ್ಜು, ಮಗುವಿಗೆ ಪುಷ್ಟಿಯ ಕೊರತೆ! ಒಂದೇ ನಾಡಿನಲ್ಲಿ ಇವೆರಡೂ ಒಟ್ಟಿಗಿರುವುದು ಹೇಗೆ? ಹೊಟ್ಟೆಗೆ ಬೀಳುವುದರಲ್ಲಿ ಶಕ್ತಿ ಉಂಟು, ಸತ್ವವಿಲ್ಲ ಎಂಬುದೇ ಅದರ ಉತ್ತರ.

ಈಗ ಹೊಸಹೊಳಲನ್ನೇ ತೆಗೆದುಕೊಳ್ಳೋಣ. ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವನ್ನು ನೋಡಲು ಬರುವ ಪ್ರವಾಸಿಗಳು ಹೊಯ್ಸಳರ ಕೆತ್ತನೆಗೆ ಬೆರಗಾಗಿ ಹಿಂದಿರುಗುತ್ತಾರೆ. ಅಂಗಡಿಯ ಮುಂದೆ ತೋರಣದಂತೆ ತೂಗುವ ಐದು ರೂಪಾಯಿ, ಹತ್ತು ರೂಪಾಯಿಯ ಪೊಟ್ಟಣಗಳ ಸರವನ್ನು ಯಾರೂ ನಿಂತು ನೋಡುವುದಿಲ್ಲ. ನೋಡಬೇಕಾದದ್ದು ಅದನ್ನು. ಇಂದು ಇಂತಹ ಸರವಿಲ್ಲದ ಹಳ್ಳಿ ನಮ್ಮ ಜಿಲ್ಲೆಯಲ್ಲಿ ಯಾವುದಿದೆ?

ಈ ಸೀಮೆ ಒಂದು ಕಾಲಕ್ಕೆ ರಾಗಿ, ಹುರುಳಿ, ಅವರೆಗಳ ಒಣಭೂಮಿ. 1930ರ ದಶಕದಲ್ಲಿ ಇಂದು ವಿಶ್ವೇಶ್ವರಯ್ಯನವರ ಹೆಸರಿರುವ ನಾಲೆಯ ನೀರು ಮಂಡ್ಯದ ಕಡೆ ಹರಿಯಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಕೃಷ್ಣರಾಜಪೇಟೆಯ ಕಡೆಗೂ ನಾಲೆಯ ನೀರು ಬಂತು. ನೀರು ಬಂದದ್ದು ಭಾಗ್ಯವೇ, ಅದನ್ನು ಹಳಿಯುವ ಕೃತಘ್ನತೆ ನಮಗಿಲ್ಲ. ಆದರೆ ನೀರಿನೊಡನೆ ಭತ್ತ ಕಬ್ಬುಗಳು ಗದ್ದೆಯನ್ನು ತುಂಬಿದವು, ತಟ್ಟೆಯಲ್ಲಿ ಮುದ್ದೆ ಚಿಕ್ಕದಾಗಿ ಅನ್ನದ ರಾಶಿ ದೊಡ್ಡದಾಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹುರುಳಿಯಲ್ಲಿ ಸುಮಾರು 8 ಗ್ರಾಂ ಇದೆ. ಕಾಳು ಸೊಪ್ಪಿನ ಬಸ್ಸಾರು, ಉಪ್ಸಾರುಗಳಿದ್ದ ಜಾಗದಲ್ಲಿ ಅನ್ನದ ಮೇಲೆ ನೀರುಸಾರು, ಸಂಜೆಗೆ ಬೇಕರಿಯ ಪಫ್ಫು, ಮಗುವಿನ ಕೈಯಲ್ಲಿ ಬಣ್ಣದ ಪಾನೀಯ. 250 ಮಿಲಿಲೀಟರಿನ ಅಂತಹ ಒಂದು ಬಾಟಲಿಯಲ್ಲಿ ಸುಮಾರು 25 ಗ್ರಾಂ ಸಕ್ಕರೆ ಕರಗಿರುತ್ತದೆ. ಆ ಸಕ್ಕರೆಯ ಅರ್ಧಭಾಗ ಫ್ರಕ್ಟೋಸ್. ಒಮ್ಮೆಗೇ ಅಷ್ಟು ಸುರಿದರೆ ಸಣ್ಣಕರುಳು ಅದನ್ನು ತಡೆದುಕೊಳ್ಳಲಾರದು. ಮಿಕ್ಕದ್ದನ್ನು ಕೆಳಗಿನ ಬ್ಯಾಕ್ಟೀರಿಯಾಗಳು ಅಸಿಟೇಟ್ ಆಗಿ ಮಾರ್ಪಡಿಸಿ ಈಲಿಗೆ ಕಳುಹಿಸುತ್ತವೆ, ಈಲಿ ಅದರಿಂದ ಕೊಬ್ಬು ಮಾಡುತ್ತದೆ. ಇಲಿಗಳ ಮೇಲೆ ಇದನ್ನು 2020ರಲ್ಲಿ ತೋರಿಸಿದ್ದಾರೆ.

ದುಡಿಮೆಯ ರೀತಿಯೂ ಬದಲಾಯಿತು. ಮುಂಜಾನೆಯೇ ಗಾರ್ಮೆಂಟ್ ಕಾರ್ಖಾನೆಯ ಬಸ್ಸು ಹತ್ತುವ ಹೆಣ್ಣುಮಗಳು ದಿನವೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತಿರಬೇಕು. ಅವಳಿಗೆ ಬೆಳಗ್ಗೆ ಹಿಟ್ಟು ತೊಳಸಿ, ಸೊಪ್ಪು ಸೋಸಿ, ಕಾಳು ಬೇಯಿಸುವ ಬಿಡುವೆಲ್ಲಿ? ‘ದಿನಾ ಒಂದು ಗಂಟೆ ನಡೆಯಮ್ಮ’ ಎಂದು ಸಲಹೆ ಕೊಡುವ ಮಹಾಶಯರು ಆ ಒಂದು ಗಂಟೆಯನ್ನು ಮಾಲೀಕನಿಂದ ಮೊದಲು ಕೇಳಿ ಕೊಡಿಸಲಿ.

1963ರಲ್ಲಿ ಡಾಕ್ಟರ್ ಲೋಹಿಯಾ ಅವರು ಲೋಕಸಭೆಯಲ್ಲಿ ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೆಕ್ಕ ಒಪ್ಪಿಸಿದರು. ಅಂದಿನ ಸರ್ಕಾರ ತಬ್ಬಿಬ್ಬಾಯಿತು. ಬಡವನ ಹೊಟ್ಟೆಗೆ ಎಷ್ಟು ಬೀಳುತ್ತದೆ ಎಂಬುದು ಅಂದಿನ ಪ್ರಶ್ನೆ. ಅದಿನ್ನೂ ಪೂರ್ತಿ ತೀರಿಲ್ಲ. ಅದರ ಜೊತೆಗೆ ಇಂದು ಏನು ಬೀಳುತ್ತದೆ, ಅದನ್ನು ನಿಶ್ಚಯಿಸುವವರು ಯಾರು ಎಂಬ ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕು. ಕರುಳಿನ ಬ್ಯಾಕ್ಟೀರಿಯಾ ನಾವು ತಿಂದದ್ದನ್ನು ತಿನ್ನುತ್ತದೆ. ನಾವು ಪಡಿತರದಲ್ಲಿ ಕೊಟ್ಟದ್ದನ್ನು, ಕೂಲಿಗೆ ಎಟುಕಿದ್ದನ್ನು, ಅಂಗಡಿಯಲ್ಲಿ ತೂಗುಹಾಕಿದ್ದನ್ನು ತಿನ್ನುತ್ತೇವೆ. ಆದುದರಿಂದ ಕರುಳಿನೊಳಗಿನ ಈ ಸಂಸಾರವೂ ರಾಜಕೀಯಕ್ಕೆ ಹೊರತಲ್ಲ.

ಸರ್ಕಾರದ ಕೈ ಎತ್ತ ಬಾಗುತ್ತದೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟು, ಕೇಕುಗಳ ಮೇಲಿನ ತೆರಿಗೆಯನ್ನು ನೂರಕ್ಕೆ 18ರಿಂದ 5ಕ್ಕೆ ಇಳಿಸಲಾಯಿತು. ಜನಕ್ಕೆ ಅಗ್ಗವಾಯಿತೆಂದು ಡಂಗುರ ಹೊಡೆದರು. ಅಗ್ಗವಾದದ್ದು ಏನು ಎಂದು ಕೇಳಿದವರು ಕಡಮೆ. ಪೊಟ್ಟಣದ ಮುಂಭಾಗದಲ್ಲಿಯೇ ಸಕ್ಕರೆ, ಉಪ್ಪು, ಕೊಬ್ಬು ಅತಿಯಾಗಿದೆಯೆಂದು ಎಚ್ಚರಿಕೆ ಬರೆಯುವ ನಿಯಮದ ಬಗ್ಗೆ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳ ಗಡುವು ಕೊಡಬೇಕಾಯಿತು. ದಕ್ಷಿಣ ಅಮೆರಿಕದ ಚಿಲಿ ದೇಶ ನಮಗಿಂತ ಎಷ್ಟೋ ಚಿಕ್ಕದು, ಅಲ್ಲಿ 2016ರಿಂದಲೇ ಅಂತಹ ಪೊಟ್ಟಣಗಳ ಮೇಲೆ ಕಪ್ಪು ಮುದ್ರೆ ಬೀಳುತ್ತಿದೆ.

ಇತ್ತ ವ್ಯಾಪಾರಿಗಳು ಸುಮ್ಮನೆ ಕುಳಿತಿಲ್ಲ. ಕರುಳಿನ ಬ್ಯಾಕ್ಟೀರಿಯಾ ಎಂಬ ಹೊಸ ಮಾತು ಕಿವಿಗೆ ಬಿದ್ದುದೇ ತಡ, ‘ಒಳ್ಳೆಯ ಬ್ಯಾಕ್ಟೀರಿಯಾ’ ತುಂಬಿದ ಪುಡಿ, ಗುಳಿಗೆ, ಈಲಿ ತೊಳೆಯುವ ಕಷಾಯಗಳ ಮಾರಾಟ ಶುರುವಾಗಿದೆ. ರೋಗ ತರುವ ಪೊಟ್ಟಣವೂ ಅಂಗಡಿಯಲ್ಲಿ, ರೋಗ ಕಳೆಯುವೆನೆನ್ನುವ ಪೊಟ್ಟಣವೂ ಅಂಗಡಿಯಲ್ಲಿ! ಜನ ಮೋಸಹೋಗಬಾರದು. ಕೆನಡಾದ ವೈದ್ಯರು ಆರೋಗ್ಯವಂತರ ಕರುಳಿನ ಬ್ಯಾಕ್ಟೀರಿಯಾಗಳನ್ನು 21 ರೋಗಿಗಳ ಪ್ರಯೋಗದಲ್ಲಿ ನೇರವಾಗಿ ಕರುಳಿಗೇ ಸೇರಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶವೇನು? ಕರುಳಿನ ಪದರ ಸ್ವಲ್ಪ ಬಿಗಿಯಾಯಿತು, ಈಲಿಯ ಕೊಬ್ಬು ಇಳಿಯಲಿಲ್ಲ. ಅದಕ್ಕೆ ಹೋಲಿಸಿದರೆ ಬ್ಯಾಕ್ಟೀರಿಯಾಗಳ ಊಟವನ್ನು ಬದಲಿಸಿದ ಪ್ರಯೋಗ ಹೆಚ್ಚು ಫಲ ಕೊಟ್ಟಿತು. 2023ರಲ್ಲಿ ಚೀನಾದವರು 200 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಣ್ಣಕರುಳಿನಲ್ಲಿ ಅರಗದೆ ಕೆಳಗಿಳಿಯುವ ಪಿಷ್ಟವನ್ನು ದಿನಕ್ಕೆ 40 ಗ್ರಾಂನಂತೆ ನಾಲ್ಕು ತಿಂಗಳು ತಿನ್ನಿಸಿದರು. ಆ ಗುಂಪಿನವರ ಈಲಿಯ ಕೊಬ್ಬು ಮತ್ತೊಂದು ಗುಂಪಿಗಿಂತ ಚೆನ್ನಾಗಿ ಇಳಿಯಿತು. ತೂಕ ಇಳಿದುದರ ಲೆಕ್ಕವನ್ನು ಕಳೆದ ಮೇಲೂ ವ್ಯತ್ಯಾಸ ಉಳಿಯಿತು.

ಇದರಿಂದ ರಾಗಿಮುದ್ದೆ ಔಷಧವೆಂದು ಯಾರೂ ತಿಳಿಯಬಾರದು. ಆ ಪಿಷ್ಟ ವಿಶೇಷವಾದ ಜೋಳದಿಂದ ತೆಗೆದದ್ದು, ಒಂದು ಬಟ್ಟಲು ತಂಗಳನ್ನದಲ್ಲಿ ಅಷ್ಟು ಸಿಕ್ಕುವುದಿಲ್ಲ. ಮುದ್ದೆಯನ್ನೂ ಮಿತಿಮೀರಿ ನುಂಗಿದರೆ ರಕ್ತದ ಸಕ್ಕರೆ ಏರುತ್ತದೆ. ನಾವು ಹೇಳುವುದು ಇಷ್ಟೆ: ಪುಡಿ ಕೊಳ್ಳುವ ಹಣದಲ್ಲಿ ಕಾಳು, ಸೊಪ್ಪು, ತರಕಾರಿ, ಸಿರಿಧಾನ್ಯ ತಟ್ಟೆಗೆ ಬರುವಂತಾಗಬೇಕು. ಅಮೆರಿಕದಲ್ಲಿ 2024ರ ಮಾರ್ಚಿಯಲ್ಲಿ ಈ ರೋಗಕ್ಕೆ ಮೊದಲ ಔಷಧಿಯೂ 2025ರ ಆಗಸ್ಟಿನಲ್ಲಿ ಎರಡನೆಯದೂ ಒಪ್ಪಿಗೆ ಪಡೆದಿವೆ. ಔಷಧಿ ಬರಲಿ, ಬೇಕಾದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿಯೇ ಸಿಗಲಿ. ಆದರೆ ಊರಿಗೆ ಊರೇ ಚುಚ್ಚುಮದ್ದಿನ ಮೇಲೆ ಬದುಕುವಂತೆ ಮಾಡುವುದು ಆರೋಗ್ಯನೀತಿಯಲ್ಲ.

ಒಂದು ಆಕ್ಷೇಪಣೆಯನ್ನು ನಾವು ಮುಚ್ಚಿಡುವುದಿಲ್ಲ. ಕಬ್ಬಿಗೆ ನ್ಯಾಯವಾದ ಬೆಲೆ ಬೇಕೆಂದು ಹೋರಾಡುವ ಸಮಾಜವಾದಿಗಳು, ಸಕ್ಕರೆ ತಿನ್ನಬೇಡಿ ಎಂದು ಸಕ್ಕರೆಯ ಜಿಲ್ಲೆಯಲ್ಲಿ ನಿಂತು ಹೇಳಬಹುದೇ? ಹೇಳಬಹುದು, ಹೇಳಲೇಬೇಕು. ರೈತನ ಬೆಲೆಗೂ ಮಗುವಿನ ಈಲಿಗೂ ಗಂಟು ಹಾಕಿದವರು ರೈತರಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿಯ ಕಡೆಯ ಬೆಳೆಗಾರರು ಟನ್ನಿಗೆ ಮೂರೂವರೆ ಸಾವಿರ ರೂಪಾಯಿಗಾಗಿ ರಸ್ತೆಗಿಳಿಯಬೇಕಾಯಿತು. ಮಕ್ಕಳು ತಂಪು ಪಾನೀಯ ಹೆಚ್ಚು ಕುಡಿದರೆಂದು ಆ ರೈತರಿಗೆ ಒಂದು ಕಾಸಾದರೂ ಹೆಚ್ಚು ಬಂತೇ? ಕಬ್ಬಿನಿಂದ ಇಂದು ಪೆಟ್ರೋಲಿಗೆ ಬೆರೆಸುವ ಎಥನಾಲ್ ಬರುತ್ತದೆ, ವಿದ್ಯುತ್ತು ಬರುತ್ತದೆ. ಭಟ್ಟಿ ಕಾರ್ಖಾನೆಯಲ್ಲಿ ಉರಿಯಲಿ, ಮಗುವಿನ ಹೊಟ್ಟೆಯಲ್ಲಿ ಬೇಡ. ಅದರೊಡನೆ ರಾಗಿ, ಹುರುಳಿ ಬೆಳೆಯುವವನಿಗೆ ಕಬ್ಬಿನವನಷ್ಟೇ ಭರವಸೆ ಸಿಗಬೇಕು. 2025-26ನೇ ಸಾಲಿಗೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ ಬೆಂಬಲ ಬೆಲೆ ಸಾರಿದರು. ಸಾರಿದರೆ ಸಾಲದು. ಖರೀದಿ ಕೇಂದ್ರ ತಡವಾಗಿ ತೆರೆದರೆ ಆ ಬೆಲೆ ದಲ್ಲಾಳಿಯ ಪಾಲು. ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರು ದುಡಿದದ್ದು ಮಂಡ್ಯದ ವಿ. ಸಿ. ಫಾರಂನಲ್ಲಿ. ಅವರು ಇಳುವರಿ ಹೆಚ್ಚಿಸಿದ ಬೆಳೆಯನ್ನು ಅವರ ಕರ್ಮಭೂಮಿಯ ಬಡವನ ತಟ್ಟೆಯಲ್ಲಿ ಉಳಿಸಿಕೊಳ್ಳಲಾರದಿದ್ದರೆ ನಾಚಿಕೆ ನಮ್ಮೆಲ್ಲರದು.

ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. 2013ರ ಜುಲೈ 10ರಂದು ಆರಂಭವಾದ ಅನ್ನಭಾಗ್ಯ ಹಸಿವಿನ ಬಾಯಿಗೆ ಅಕ್ಕಿ ಹಾಕಿತು. ಅದನ್ನು ಹೀಯಾಳಿಸಿದ ಉಂಡು ತೇಗುವವರ ಗುಂಪಿಗೆ ನಾವು ಸೇರಿದವರಲ್ಲ. 2024ರ ಫೆಬ್ರವರಿಯಲ್ಲಿ ಶಾಲೆಯ ಮಕ್ಕಳಿಗೆ ಹಾಲಿನೊಡನೆ ವಾರಕ್ಕೆ ಮೂರು ದಿನ ರಾಗಿಯ ಮಿಶ್ರಣ ಕೊಡಲಾರಂಭಿಸಿದರು, ಅದೂ ಸರಿಯಾದ ಹೆಜ್ಜೆ. ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿಯೇ ಕೊಬ್ಬಿನ ಈಲಿಯನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಕಾಗದದ ಮೇಲೆ ಎಲ್ಲವೂ ಇದೆ. ಕಾಗದ ಹೊಸಹೊಳಲಿನ ಬೀದಿಗೆ ಇಳಿಯಬೇಕು.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯನ್ನು ಕಸಿಯದೆ, ಅದರ ಜೊತೆಗೆ ರಾಗಿಯೂ ಕಾಳೂ ವರ್ಷದ ಹನ್ನೆರಡು ತಿಂಗಳು ಸಿಗಬೇಕು, ಮತ್ತು ಆ ರಾಗಿಯನ್ನು ಈ ಜಿಲ್ಲೆಯ ರೈತನಿಂದಲೇ ಸುಗ್ಗಿಯ ಕಾಲದಲ್ಲಿಯೇ ಕೊಳ್ಳಬೇಕು. ಎರಡನೆಯದಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೊಜ್ಜು ಅಥವಾ ಸಕ್ಕರೆ ಕಾಯಿಲೆ ಇರುವ ಪ್ರತಿಯೊಬ್ಬರಿಗೂ ಈಲಿಯ ಪರೀಕ್ಷೆ ಬಿಟ್ಟಿಯಾಗಿ ಆಗಬೇಕು. ರೋಗಿಯ ವಯಸ್ಸು, ರಕ್ತದಲ್ಲಿನ ಎರಡು ಕಿಣ್ವಗಳು, ಪ್ಲೇಟ್‌ಲೆಟ್ ಎಣಿಕೆ, ಇಷ್ಟರಿಂದಲೇ ಈಲಿ ಕಲೆಗಟ್ಟಿರುವ ಸಂಭವವನ್ನು ಲೆಕ್ಕ ಹಾಕುವ ಅಗ್ಗದ ವಿಧಾನ ವೈದ್ಯರಲ್ಲಿದೆ. ಸಂದೇಹವಿದ್ದವರನ್ನು ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಕಳುಹಿಸಬೇಕು, ಖಾಸಗಿಯವರ ಬಾಗಿಲಿಗಲ್ಲ. ಮೂರನೆಯದಾಗಿ, ಆ ಪರೀಕ್ಷೆಗಳ ತಾಲ್ಲೂಕುವಾರು ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ನಾಲ್ಕನೆಯದಾಗಿ, ಶಾಲೆಯ ಸುತ್ತಮುತ್ತ ಸಕ್ಕರೆಯ ಪಾನೀಯ, ಪೊಟ್ಟಣದ ತಿಂಡಿಗಳ ಮಾರಾಟ ನಿಲ್ಲಬೇಕು, ಎಲ್ಲ ಪೊಟ್ಟಣಗಳ ಮುಂಭಾಗದಲ್ಲಿ ದಪ್ಪ ಕನ್ನಡ ಅಕ್ಷರಗಳ ಎಚ್ಚರಿಕೆ ಬರಬೇಕು. ಐದನೆಯದಾಗಿ, ಕಾರ್ಖಾನೆಗಳಲ್ಲಿ ಕಾಳು ಸೊಪ್ಪಿನ ಬಿಸಿಯೂಟ ಮತ್ತು ಎದ್ದು ಓಡಾಡುವ ಬಿಡುವು ಕೆಲಸಗಾರರ ಹಕ್ಕಾಗಬೇಕು.

ಇವುಗಳಲ್ಲಿ ಒಂದೂ ಅಸಾಧ್ಯವಲ್ಲ, ಒಂದಕ್ಕೂ ಪರದೇಶದ ಯಂತ್ರ ಬೇಕಿಲ್ಲ. ವಾಚಕರು ತಮ್ಮ ಗ್ರಾಮಸಭೆಯ ಮುಂದೆ ಈ ಐದನ್ನೂ ಲಿಖಿತವಾಗಿ ಇಡಬೇಕು, ನಡವಳಿಯಲ್ಲಿ ಬರೆಸಬೇಕು, ಮುಂದಿನ ಸಭೆಯಲ್ಲಿ ಏನಾಯಿತೆಂದು ಕೇಳಬೇಕು. ಮನೆಯಲ್ಲಿ ಯಾರಿಗಾದರೂ ಈ ರೋಗವಿದೆಯೆಂದು ಚೀಟಿ ಬಂದರೆ ಅವರನ್ನು ಹಂಗಿಸದೆ, ನಾಚಿ ಮುಚ್ಚಿಡದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ರೋಗಿ ತನ್ನ ಪಾಲಿನ ಪಥ್ಯವನ್ನು ಮಾಡಲಿ. ಸರ್ಕಾರವೂ ತನ್ನ ಪಾಲಿನ ಪಥ್ಯವನ್ನು ಮಾಡುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.